ಬಿಚ್ಚಿಟ್ಟ ತಗಡು

"ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗಾಯ್ತಲ್ಲಣ್ಣ! ಆ ತಗಡು ಬಿಚ್ಚಿಬಿಡು, ಎಂಜಿನ್ ಸಲೀಸಾಗಿ ಕೂರುತ್ತೆ," ಎಂದ ತಮ್ಮ. ಸರಪಳಿಯಲ್ಲಿ ತೂಗುತ್ತಿದ್ದದ್ದು ಹಳೆಯ ಟ್ಯಾಕ್ಸಿಯೊಂದರ ಎಂಜಿನ್. ಕೆಳಗೆ ಬಾಯಿ ತೆರೆದು ನಿಂತಿದ್ದದ್ದು ಅಪ್ಪ ಓಡಿಸುತ್ತಿದ್ದ ರೇಸ್ ಕಾರು. ಚಕ್ರಗಳೆಲ್ಲ ಹೊರಗೆ, ತಲೆಯ ಮೇಲೆ ಸೂರಿಲ್ಲ. ಅದರ ಸ್ವಂತ ಎಂಜಿನ್ ಎಂದೋ ಸತ್ತಿತ್ತು. ಭಾನುವಾರದ ರೇಸಿನಲ್ಲಿ ತಮ್ಮ ಅದನ್ನು ಓಡಿಸಬೇಕು.

ಎಂಜಿನ್ನಿಗೂ ಓಡಿಸುವವನ ಕಾಲಿಗೂ ನಡುವಿನ ಆ ದಪ್ಪ ತಗಡನ್ನು ಅಪ್ಪ ಹಾಕಿಸಿದ್ದು ತಾವು ಎಂಜಿನ್ನಿನ ಬೆಂಕಿಗೆ ಸಿಕ್ಕ ಮೇಲೆ. ಮೆಕ್ಯಾನಿಕ್ ಅಣ್ಣನಿಗೆ ಅದು ಗೊತ್ತಿತ್ತು. ಆದರೂ ತಮ್ಮನ ಆಸೆಗೆ ಅಡ್ಡ ಬರಲಾರದೆ, ಕಾಯುವವನು ಮೇಲಿದ್ದಾನೆ ಎಂದುಕೊಂಡು ಬಿಚ್ಚಿ ಗೋಡೆಗೆ ಒರಗಿಸಿದ.

ಗಾಲಿಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ ಅಪ್ಪ, "ಒಂದ್ಸಲ ಕೂತ್ಕೋ ಮಗಾ, ಕಾಲು ಚಾಚು," ಎಂದರು. ತಮ್ಮ ಹಿಗ್ಗಿನಿಂದ ಹಾರಿ ಕುಳಿತ. ಅಪ್ಪ ಕುರ್ಚಿ ಉರುಳಿಸಿಕೊಂಡು ಕಾರಿನ ಪಕ್ಕಕ್ಕೆ ಬಂದು, ಮಕ್ಕಳೆದುರು ಎಂದೂ ಸರಿಸದ ಮಂಡಿಯ ಮೇಲಿನ ಕಂಬಳಿಯನ್ನು ತೆಗೆದರು. ಆ ಕಾಲುಗಳು ಕರಗಿ ಆರಿದ ಮೇಣದ ಹಾಗಿದ್ದವು. ಕಂಬಳಿಯನ್ನು ಮಗನ ಮಂಡಿಗೆ ಹೊದಿಸಿ, ಎಳೆ ಮಗುವಿಗೆ ಮಾಡುವಂತೆ ಅಂಚು ಸಿಕ್ಕಿಸಿ, "ಇಟ್ಕೋ. ಇನ್ಮೇಲೆ ನಿನಗೇ ಬೇಕಾಗುತ್ತೆ," ಎಂದರು.

"ಸೆಕೆ ಆಗುತ್ತಪ್ಪ," ಎಂದು ನಗಹೋದ ತಮ್ಮನ ನಗು ಬಾಯಲ್ಲೇ ಒಣಗಿತು. ಕಂಬಳಿ ತೆಗೆಯಲೂ ಅವನಿಗೆ ಕೈ ಬರಲಿಲ್ಲ. ಅಣ್ಣ ಸರಪಳಿ ಹಿಡಿದು ಎಳೆದ. ಎಂಜಿನ್ ಮೆಲ್ಲಗೆ ಮೇಲಕ್ಕೇರಿತು. ಮತ್ತೆ ಇಳಿಸು ಎಂದು ತಮ್ಮನೂ ಹೇಳಲಿಲ್ಲ.