ಸಾರಿನಪುಡಿಯ ಮಂತ್ರ

ದೆವ್ವಗಳೂ ಮಾಂತ್ರಿಕರೂ ಕತ್ತಿ ಹಿಡಿದು ಹೊಡೆದಾಡುವ ಕಾದಂಬರಿಗಳನ್ನು ಗುರುಪಾದಪ್ಪನವರು ಪಾತ್ರಗಳ ಮಾತನ್ನೆಲ್ಲ ಅಬ್ಬರಿಸಿ ಹೇಳಿಕೊಂಡೇ ಬರೆಯುತ್ತಿದ್ದರು. ಕೋಣೆಯೊಳಗಿನ ಕಿರುಚಾಟ ಕೇಳಿ, ಗಂಡನಿಗೆ ದೆವ್ವ ಮೆಟ್ಟಿದೆಯೆಂದು ಹೆದರಿದ ಹೆಂಡತಿ ಒಂದು ದಿನ ಮಂತ್ರವಾದಿಯನ್ನೇ ಕರೆತಂದರು.

“ನಮ್ಮನೆಯವ್ರನ್ನ ಬಿಡಿಸ್ಕೊಡಿ ಸ್ವಾಮಿ.”

ಮಂತ್ರವಾದಿ ಬೇವಿನ ಸೊಪ್ಪಿನಿಂದ ಬಾರಿಸುತ್ತ ಶುರುಮಾಡಿದ: “ಓಂ ಜೀರಕಂ ಮರೀಚಂ ಹಿಂಗು ಫಟ್!”

ಗುರುಪಾದಪ್ಪನವರು ಬೆಚ್ಚಿದರು. ಏಳನೆಯ ಕಾದಂಬರಿಗೆ ಮಂತ್ರವೇ ಹೊಳೆಯದಿದ್ದಾಗ ಹೆಂಡತಿಯ ಸಾರಿನಪುಡಿ ಚೀಟಿ ನೋಡಿ ತಾವೇ ಕಟ್ಟಿದ್ದು ಅದು!

“ನಿಲ್ಸಯ್ಯಾ! ಅದು ಜೀರಿಗೆ, ಮೆಣಸು, ಇಂಗು! ನಾನೇ ಬರೆದಿದ್ದು!”

“ರೀ, ಸುಮ್ನೆ ಕೂತ್ಕೊಳ್ರೀ.”

“ದೇವರಾಣೆ ಕಣೇ! ಇಷ್ಟು ವರ್ಷ ನಾನು ಬರೆದಿದ್ದೆಲ್ಲ ಬರೀ ಬೊಗಳೆ!”

ಮಂತ್ರವಾದಿ ಸೊಪ್ಪು ಕೆಳಗಿಟ್ಟು ಬೆವರೊರೆಸಿಕೊಂಡ.

“ಬಿಟ್ಟೋಯ್ತು ತಾಯಿ. ಈಗ ಮಾತಾಡ್ತಿರೋದು ನಿಮ್ಮ ಯಜಮಾನ್ರೇ.”