ಸೀಸೆಯಲ್ಲಿದ್ದ ನೀರು

ಹೊಸ ಮಡಕೆಗೆ ನೀರು ತುಂಬಿದಾಗ ಏಳುವ ವಾಸನೆಗೆ ನನಗೆ ಈಗಲೂ ಹಾಲಮ್ಮಜ್ಜಿ ನೆನಪಾಗುತ್ತಾಳೆ. ಬಿಳಿಚೋಡಿನಲ್ಲಿ ಬಸ್ಸು ನಿಲ್ಲುವ ಕಡೆ ಬೇವಿನ ಮರದಡಿ ಮಡಕೆಯಿಟ್ಟುಕೊಂಡು, ಬೇಸಿಗೆಯಿಡೀ ಬಂದವರಿಗೆಲ್ಲ ನೀರು ಕೊಡುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಲ್ಲಿಗೆ ಊರೂರಿಗೆ ಹೋಗಿ ಪ್ರಯೋಗ ತೋರಿಸುವ ವಿಜ್ಞಾನದ ವ್ಯಾನು ಬಂತು. ಸೂಕ್ಷ್ಮದರ್ಶಕ ತಂದಿದ್ದ ಮೇಷ್ಟ್ರು ನನ್ನ ಕೈಗೆ ಸೀಸೆ ಕೊಟ್ಟು, "ನೀವು ದಿನಾ ಕುಡಿಯೋ ನೀರು ತಗಂಡು ಬಾರಮ್ಮ" ಎಂದರು. ಅಜ್ಜಿಯ ಮುಂದೆ ಜನ ಸಾಲುಗಟ್ಟಿದ್ದರು. ಕಾಯುತ್ತ ನಿಂತರೆ ಮೊದಲು ನೋಡುವ ಅವಕಾಶ ತಪ್ಪುತ್ತದೆಂದು ದನದ ತೊಟ್ಟಿಯಲ್ಲಿ ಸೀಸೆ ಅದ್ದಿ ತಂದೆ. ಅಜ್ಜಿಯ ಮಡಕೆಯದೆಂದು ಹೇಳಿದೆ.

"ಅಯ್ಯೋ, ಹುಳ ಓಡಾಡ್ತಾವೆ!" ಎಂದು ನೋಡಿದವರೆಲ್ಲ ಕೂಗಿದರು. ಕುದಿಸಿ ಕುಡಿಯಿರೆಂಬ ಮೇಷ್ಟ್ರ ಮಾತು ಯಾರಿಗೂ ಕೇಳಿಸಲಿಲ್ಲ.

ಅಜ್ಜಿಯೂ ಬಗ್ಗಿ ನೋಡಿದಳು. "ಇಷ್ಟು ವರ್ಷ ಇದನ್ನೇ ಕುಡಿಸಿದ್ನಾ?" ಎಂದು ಮಡಕೆಯ ನೀರನ್ನೆಲ್ಲ ನೆಲಕ್ಕೆ ಸುರಿದಳು. ಆಮೇಲೆ ನನ್ನ ತಲೆ ಸವರಿ, "ನೀನು ತೋರಿಸಿದ್ದು ಚಲೋ ಆತವ್ವ. ಇಲ್ಲಾಂದ್ರೆ ನನಗೆ ಹೆಂಗೆ ಗೊತ್ತಾಗಬೇಕಿತ್ತು?" ಎಂದಳು.

ನಾನು ಸೀಸೆ ತೊಳೆದು ಮೇಷ್ಟ್ರಿಗೆ ವಾಪಸು ಕೊಟ್ಟೆ. ಮರುದಿನದಿಂದ ಅಜ್ಜಿ ಅಲ್ಲಿಗೆ ಬರಲಿಲ್ಲ. ಬಸ್ಸಿಳಿದವರು ಆಕೆಯ ಬಗ್ಗೆ ವಿಚಾರಿಸಿದರೆ, ಊರವರು ನನ್ನನ್ನು ಕರೆದು, ನೀರಿನ ಹುಳ ತೋರಿಸಿಕೊಟ್ಟವಳು ಇವಳೇ ಎಂದು ಹೊಗಳುತ್ತಿದ್ದರು.