ತಾಳ ಕೇಳದ ಟರ್ನ್‌ಟೇಬಲ್

ಹುಬ್ಬಳ್ಳಿಯ ಪೇಂಟ್ ವ್ಯಾಪಾರಿ ಶಿವಯೋಗೆಪ್ಪನವರಿಗೆ ಅಂದು ಬೆಳಗಿನಿಂದಲೇ ಪಿತ್ತ ನೆತ್ತಿಗೇರಿತ್ತು...

ಇಪ್ಪತ್ತೇಳು ವರ್ಷದ ಹಿಂದೆ ಆಸೆಪಟ್ಟು ಜರ್ಮನಿಯಿಂದ ತರಿಸಿದ, ಗ್ರಾಮಫೋನ್ ತಟ್ಟೆ ನುಡಿಸುವ ಟರ್ನ್‌ಟೇಬಲ್ ಅದಕ್ಕೆ ಕಾರಣ. ಮನೆಯಲ್ಲಿ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಈಗೊಂದು ವರ್ಷದಿಂದ ಭಜನೆಯ ರೆಕಾರ್ಡ್ ಹಾಕಿದರೆ ಕಂಚಿನ ತಾಳದ ದನಿಯೇ ಇಲ್ಲ! ಕಂಬಳಿ ಹೊದ್ದು ಹಾಡಿದ ಹಾಗೆ ಎಲ್ಲ ಮಂಕು ಮಂಕು...

ಸೂಜಿ ಬದಲಾಯಿಸಿದರು. ಬೆಲ್ಟ್ ಬದಲಾಯಿಸಿದರು. ಹೆಂಡತಿ ಕಸ್ತೂರಿಯನ್ನೂ ಬಯ್ದರು. "ಧೂಳ ಒರಸೂ ನೆವದಾಗ ನೀನ ಕೆಡಿಸಿಟ್ಟಿ!"

ಕೊನೆಗೆ ಇಟ್ಟುಕೊಳ್ಳುವುದೋ, ಬದಲಾಯಿಸುವುದೋ ಇವತ್ತು ಇತ್ಯರ್ಥವಾಗಲಿ ಎಂದು ಮೆಕ್ಯಾನಿಕ್ ಇಮಾಮ್‌ಸಾಬರನ್ನು ಮನೆಗೆ ಕರೆಸಿದರು.

ಅವರು ಹೊಸ ಟರ್ನ್‌ಟೇಬಲ್ ತಂದು, ಹಳೆಯದರ ಪಕ್ಕದಲ್ಲೇ ಜೋಡಿಸಿ, ಅದೇ ಭಜನೆಯನ್ನು ಎರಡರಲ್ಲೂ ಹಾಕಿ ತೋರಿಸಿದರು.

ಶಿವಯೋಗೆಪ್ಪ ಸಿಡಿದೆದ್ದರು. "ಹೊಸಾದರಾಗೂ ತಾಳ ಇಲ್ಲ! ನನಗ ಟೋಪಿ ಹಾಕಾಕ ಬಂದೀರೇನು?"

"ಸಾಹುಕಾರ್ರ, ಸಿಟ್ಟಾಗಬ್ಯಾಡ್ರಿ... ತಾಳ ಎರಡರಾಗೂ ಚೊಕ್ಕ ಕೇಳಾಕತ್ತೈತಿ. ನಿಮ್ಮ ಹಳೇದ ಒಂದ್ ಕೈ ಮ್ಯಾಲ ಐತಿ. ಒಮ್ಮೆ ಕಿವಿ ತೋರಿಸ್ಕೊಂಡ್ರ..."

"ನಾ ಕಿವುಡ ಅಂತೀರೇನು?" ಶಿವಯೋಗೆಪ್ಪ ಮೇಜು ಗುದ್ದಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, "ನೀನಾದ್ರೂ ಹೇಳ!" ಎಂದರು.

ಕಸ್ತೂರಿಯ ತುಟಿ ಅಲುಗಿತು...

"ಬಾಯಾಗ ಗೊಣಗಬ್ಯಾಡ! ಜೋರಾಗಿ ಹೇಳ!"

ಅಷ್ಟೇ... ಮದುವೆಯಾಗಿ ಮೂವತ್ನಾಲ್ಕು ವರ್ಷ ದನಿ ಎತ್ತದಿದ್ದ ಕಸ್ತೂರಿ ಚೀರಿಬಿಟ್ಟರು.

"ಜೋರಾಗೇ ಹೇಳ್ತೀನಿ, ಕೇಳ್ರಿ! ಎದಿಯಾಗ ಗಂಟು ಆಗೇತಿ, ದವಾಖಾನಿಗೆ ಬರ್ರಿ ಅಂತ ಮೂರು ಸಲ ಹೇಳಿದೆ. ಮೂರು ಸಲನೂ 'ಹೂಂ' ಅಂದು ಈ ಮಷೀನ್ ಮುಂದ ಕುಂತ್ರಿ! ಒಬ್ಬಾಕಿನ ಹೋಗಿ ಬಯಾಪ್ಸಿ ಮಾಡಿಸ್ಕೊಂಡೆ. ಕ್ಯಾನ್ಸರ್ ಅಲ್ಲ ಅಂತ ರಿಪೋರ್ಟ್ ಬಂದ ದಿನ ಬಸ್ ಸ್ಟಾಪಿನಾಗ ಒಬ್ಬಾಕಿನ ಕುಂತು ಅತ್ತೆ! ನಾ ಸತ್ರೂ ಇವರಿಗೇನಿಲ್ಲ ಅನ್ಕೊಂಡೆ..."

ಶಿವಯೋಗೆಪ್ಪ ಎರಡೂ ಟರ್ನ್‌ಟೇಬಲ್ ಬಂದ್ ಮಾಡಿದರು.

ಆ ಮೂರು ಸಲವೂ ಅವರಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಎನ್ನಲು ನಾಚಿಕೆಯಾಗಿ, ಸುಮ್ಮನೆ ಹೂಂಗುಟ್ಟಿದ್ದರು...

ಹೊಸ ಟರ್ನ್‌ಟೇಬಲನ್ನು ಮೆಕ್ಯಾನಿಕ್ ಕಡೆ ಸರಿಸಿದರು. "ಹೊಸಾದು ವಾಪಸ್ ಒಯ್ರಿ, ಇಮಾಮ್‌ಸಾಬ್ರ... ಹಳೇದರಾಗ ಏನೂ ದೋಷ ಇಲ್ಲ."

ಮರುವಾರ ಶಿವಯೋಗೆಪ್ಪನವರ ಕಿವಿಗೆ ಮಷೀನ್ ಹಾಕಿಸಿಕೊಂಡು ಇಬ್ಬರೂ ಆಟೋದಲ್ಲಿ ಬರುವಾಗ ಕಸ್ತೂರಿ ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಅದುಮಿಟ್ಟ ಸಿಟ್ಟನ್ನೆಲ್ಲ ದಾರಿಯುದ್ದಕ್ಕೂ ಹೊರಹಾಕಿದರು... ಆಟೋದವನಿಗೆ ಕೇಳದಷ್ಟು ಮೆಲುದನಿಯಲ್ಲಿ.

ಶಿವಯೋಗೆಪ್ಪನವರಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.

ಕಣ್ಣೊರೆಸಿಕೊಳ್ಳುತ್ತ, "ಇನ್ನೂ ಹೇಳ..." ಎಂದರು.

ಎದುರಿನವರ ದನಿಯನ್ನು ಬಯ್ಯುವ ಮೊದಲು ನಮ್ಮ ಕಿವಿಯನ್ನು ಪರೀಕ್ಷಿಸಿಕೊಳ್ಳಬೇಕು.

ನಿಮ್ಮ ಮನೆಯಲ್ಲೂ ಯಾರಾದರೂ ಮೂರು ಸಲ ಹೇಳಿ, ನಾಲ್ಕನೇ ಸಲ ಹೇಳುವುದನ್ನೇ ಬಿಟ್ಟಿದ್ದಾರಾ...?